ಮೂರು ಪೆಟ್ಟು

ಆಳದ ಬಾವಿಗೆ ಇಳಿದವನು ಗಂಟಲು ಹರಿಯುವಂತೆ ಕೂಗಿದರೂ ಮೇಲಿನವನಿಗೆ ಮಾತು ತಿಳಿಯುವುದಿಲ್ಲ, ಬರೀ ಗುಂಯ್ ಅನ್ನುತ್ತದೆ. ಅದಕ್ಕೇ ಕೂಡ್ಲಿಗಿಯ ದುರುಗಣ್ಣ ಮತ್ತು ಅವನ ತಮ್ಮ ಅಂಜಿನಿ ಬಾವಿ ತೋಡುವಾಗ ಹಾರೆಯಲ್ಲಿ ಮಾತಾಡುತ್ತಿದ್ದರು. ಕೆಳಗಿನವನು ಕಲ್ಲಿಗೆ ಒಂದು ಪೆಟ್ಟು ಹೊಡೆದರೆ ಮಣ್ಣು ತುಂಬುವ ಪುಟ್ಟಿ ಇಳಿಸಬೇಕು. ಎರಡಾದರೆ ಪುಟ್ಟಿ ಎಳೆಯಬೇಕು. ಮೂರಾದರೆ ಅವನನ್ನೇ ಎಳೆಯಬೇಕು.

ಅಂಜಿನಿ ತುಂಟ. ಮೂರು ಪೆಟ್ಟನ್ನು ಆಟಕ್ಕೆ ಹೊಡೆಯುತ್ತಿದ್ದ. ಅಣ್ಣ ಹೌಹಾರಿ ಹಗ್ಗಕ್ಕೆ ಕೈ ಹಾಕಿದರೆ ಕೆಳಗಿನಿಂದ ನಗು. ೧೯೯೦ರಲ್ಲಿ ಚಿಗಟೇರಿ ಹತ್ತಿರದ ಒಂದು ಹೊಲದಲ್ಲಿ, ಮಟಮಟ ಮಧ್ಯಾಹ್ನ ಮೂರು ಪೆಟ್ಟು ಕೇಳಿದಾಗ ದುರುಗಣ್ಣ ಎಲೆಗೆ ಸುಣ್ಣ ಹಚ್ಚುತ್ತಿದ್ದ. "ಸುಮ್ನಿರಲೇ" ಎಂದು ಎಲೆ ಮಡಚಿ ಬಾಯಿಗಿಟ್ಟ. ಅಷ್ಟರಲ್ಲಿ ಬಾವಿಯ ಒಂದು ಮಗ್ಗುಲು ಕುಸಿಯಿತು. ಹೆಣ ತೆಗೆಯಲು ಆಗಲಿಲ್ಲ. ಹೊಲದವರು ಪೂಜೆ ಮಾಡಿಸಿ ಬಾವಿಯನ್ನೇ ಮುಚ್ಚಿಬಿಟ್ಟರು. ಅಂದಿನಿಂದ ದುರುಗಣ್ಣ ಎಲೆ ಅಡಿಕೆ ಮುಟ್ಟಲಿಲ್ಲ.

ನನಗೆ ಅವನು ಸಿಕ್ಕಿದ್ದು ಮೂರು ವರ್ಷದ ಮೇಲೆ, ಗೋದಾವರಿ ಬಯಲಿನಲ್ಲಿ. ನೆಲದಡಿ ಎಣ್ಣೆ, ಗ್ಯಾಸು ಹುಡುಕುವ ಕಂಪನಿಯೊಂದರ ಕ್ಯಾಂಪು. ನಾನು ಕೊಟ್ಟೂರಿನ ಕೊಟ್ರಸ್ವಾಮಿ, ಅಲ್ಲಿನ ಅಡುಗೆಯವನು. ಸಾರಿಗೆ ಉಪ್ಪು ಕಮ್ಮಿ ಎಂದವನ ಮೇಲೆ ಸೌಟು ಎತ್ತುವ ಆಸಾಮಿ. ದುರುಗಣ್ಣನೊಬ್ಬನಿಗೆ ಮಾತ್ರ ಏನೂ ಅನ್ನುತ್ತಿರಲಿಲ್ಲ. ತಟ್ಟೆಯಲ್ಲಿ ಏನು ಬಿದ್ದಿದೆ ಎಂದೇ ನೋಡದವನನ್ನು ಬೈದು ಏನು ಸುಖ?

ಮೊಳೆ ಇರುವ ಸಣ್ಣ ಡಬ್ಬಿಗಳನ್ನು ಸಾಲಾಗಿ ನೆಲಕ್ಕೆ ಚುಚ್ಚುವುದು ಅವನ ಕೆಲಸ. ಅವಕ್ಕೆ ಜಿಯೋಫೋನ್ ಎನ್ನುತ್ತಿದ್ದರು, ನೆಲದ ನಡುಕ ಕೇಳುವ ಕಿವಿಗಳು. ದೂರದಲ್ಲಿ ಮದ್ದು ಸಿಡಿಸಿದರೆ ಅದರ ಪೆಟ್ಟು ಆಳದ ಬಂಡೆಗೆ ತಾಗಿ ವಾಪಸು ಬರುತ್ತಿತ್ತು. ಲಾರಿಯೊಳಗಿನ ಯಂತ್ರ ಅದನ್ನು ಕಾಗದದ ಮೇಲೆ ಗೀಚುತ್ತಿತ್ತು. ಸೀಟಿ ಊದಿದರೆ ಎಲ್ಲರೂ ಇದ್ದಲ್ಲೇ ಕಲ್ಲಾಗಬೇಕು. ನಾನೂ ಒಗ್ಗರಣೆ ಹೊತ್ತಿದರೆ ಹೊತ್ತಲಿ ಎಂದು ನಿಲ್ಲುತ್ತಿದ್ದೆ.

ಒಂದು ದಿನ ಮದ್ದು ಸಿಡಿಯುವ ಮುಂಚೆಯೇ ಕಾಗದದ ಮೇಲೆ ಮೂರು ಗೀರು ಬಂದವು. ತುಸು ಬಿಟ್ಟು ಮತ್ತೆ ಮೂರು. ಯಾರು ಅಲುಗಾಡಿದ್ದು ಎಂದು ಎಂಜಿನಿಯರು ಕಾಗದ ಹಿಡಿದು ಬಂದು ಬೈದರು. ಯಾರೂ ಅಲುಗಾಡಿರಲಿಲ್ಲ. ಗೀರು ನೋಡಿದ ದುರುಗಣ್ಣ ಅಲ್ಲೇ ಕುಸಿದು ಕೂತ.

"ಅವನ ಕೈ ಸ್ವಾಮ್ಯಾರ. ಮೂರನೇದು ಯಾವಾಗ್ಲೂ ಒಂಚೂರು ತಡದು ಹೊಡೀತಿದ್ದ."

"ಚಿಗಟೇರಿ ಎಲ್ಲೈತಿ, ನಾವೆಲ್ಲಿ ಅದೀವಿ?" ಎಂದೆ. ತಮ್ಮನ ಕತೆಯನ್ನು ಅವನು ನನಗೆ ಮೊದಲೇ ಹೇಳಿದ್ದ.

"ದೂರ ಅನ್ನೋದೆಲ್ಲಾ ಮ್ಯಾಲಿನವ್ರಿಗೆ. ಕೆಳಗ ಎಲ್ಲಾ ಒಂದ ನೆಲ."

ಆಮೇಲೆ ಹತ್ತು ವರ್ಷ, ಕ್ಯಾಂಪು ಎಲ್ಲಿಗೆ ಹೋದರೂ ಆ ಮೂರು ಗೀರು ಹಿಂದೆಯೇ ಬಂದವು. ದುರುಗಣ್ಣ ದಿನವೂ ಸಂಜೆ ಲಾರಿ ಹತ್ತಿರ ಹೋಗಿ ಕಾಗದ ನೋಡುತ್ತಿದ್ದ.

೨೦೦೩ರಲ್ಲಿ ಹೊಸ ಯಂತ್ರ ಬಂತು. ಕಾಗದ ಹೋಯಿತು. ಸಾವಿರಾರು ಡಬ್ಬಿಗಳ ಸದ್ದು ಒಟ್ಟಿಗೇ ಕಂಪ್ಯೂಟರಿಗೆ ಹೋಗಿ, ನೆಲದ ಹೊಟ್ಟೆ ಪರದೆಯ ಮೇಲೆ ಬಣ್ಣಬಣ್ಣವಾಗಿ ಕಾಣಿಸಿತು. ಮೂರು ಗೀರು ಮಾತ್ರ ಕಾಣಿಸಲಿಲ್ಲ. ಬಳ್ಳಾರಿ ಕಡೆಯ ಎಂಜಿನಿಯರ್ ಗೀತಾಂಜಲಿ ಮೇಡಂ ಅವನಿಗೆ ತಾಳ್ಮೆಯಿಂದ ಬಿಡಿಸಿ ಹೇಳಿದರು. "ಹೆಜ್ಜಿ ಸಪ್ಪಳ, ಗಾಡಿ, ಪಂಪ್‌ಸೆಟ್ಟು, ಬ್ಯಾಡಾದ ಸದ್ದೆಲ್ಲಾ ಇದು ಅಳಿಸಿಬಿಡತೈತ್ರಿ. ಎಣ್ಣಿ ಹುಡುಕಾಕ ಬೇಕಾದದ್ದಷ್ಟ ಉಳೀತೈತಿ."

ದುರುಗಣ್ಣ ಆ ವಾರ ಅನ್ನ ಬಿಟ್ಟ. "ಅವನು ಹೊಡಿಯೋದು ನಿಲ್ಲಿಸ್ಯಾನೋ, ಮಶೀನು ಅಳಿಸೈತೋ? ಇದೊಂದು ನನಗ ಗೊತ್ತಾಗಬೇಕ್ರಿ." ನಿಲ್ಲಿಸಿದ್ದರೆ ತಮ್ಮ ಹೇಗೋ ಮೇಲೆ ಬಂದ ಹಾಗೆ. ಅಳಿಸಿದ್ದರೆ ಅವನು ಇನ್ನೂ ಹಗ್ಗಕ್ಕೆ ಕಾಯುತ್ತಿದ್ದಾನೆ.

ಮೇಡಂ ಒಂದು ಹಳೆಯ ಡಬ್ಬಿಯನ್ನು ಮುಳ್ಳಿನ ಮೀಟರಿಗೆ ಜೋಡಿಸಿ ಕೊಟ್ಟರು. "ಇದು ಏನೂ ಅಳಿಸೋದಿಲ್ಲ. ನೆಲ ಅಲುಗಿದ್ರ ಮುಳ್ಳು ಅಲುಗತೈತಿ" ಎಂದರು.

ರಜೆಯಲ್ಲಿ ಅವನ ಜೊತೆ ನಾನೂ ಹೋದೆ. ಹರಪನಹಳ್ಳಿಯಲ್ಲಿ ಚಿಗಟೇರಿ ಬಸ್ಸು ಹತ್ತಿದಾಗಲೇ ನಿರ್ಧಾರ ಮಾಡಿದ್ದೆ, ಮುಳ್ಳು ಕುಣಿದಾಡಿದರೂ ಇಲ್ಲ ಅಂದುಬಿಡಬೇಕು. ಹದಿಮೂರು ವರ್ಷ ಹೊತ್ತದ್ದು ಸಾಕು. ಒಂದು ಸುಳ್ಳಿಗೆ ಭಾರ ಇಳಿಯುವುದಾದರೆ ಇಳಿಯಲಿ.

ಬಾವಿ ಇದ್ದ ಜಾಗ ಈಗ ಜೋಳದ ಕೂಳೆಯ ಹೊಲ. ಪಕ್ಕದಲ್ಲೊಂದು ಬೋರ್‌ವೆಲ್, ಕರೆಂಟಿಲ್ಲದೆ ಸುಮ್ಮನಿತ್ತು. ಬಟಾಬಯಲು, ಬಿಸಿಲು, ಗಾಳಿಯಿಲ್ಲ, ದನಕರು ಇಲ್ಲ. ದುರುಗಣ್ಣ ಡಬ್ಬಿ ಚುಚ್ಚಿ ಮೀಟರನ್ನು ನನ್ನ ಕೈಗಿಟ್ಟು ಆ ಕಡೆ ತಿರುಗಿ ಕೂತ.

"ನೀವ ನೋಡ್ರಿ. ನನಗ ಧೈರ್ಯ ಸಾಲದು."

ಬಹಳ ಹೊತ್ತು ಮುಳ್ಳು ಅಲುಗಲಿಲ್ಲ. ಸುಳ್ಳು ಹೇಳುವ ಪಾಪ ತಪ್ಪಿತು ಎಂದುಕೊಂಡೆ. ಆಗ ಮುಳ್ಳು ಒಮ್ಮೆ ಹಾರಿತು. ಇನ್ನೊಮ್ಮೆ ಹಾರಿತು. ಒಂಚೂರು ತಡೆದು, ಮೂರನೆಯದು.

"ಅಲ್ಲಾಡಿತೇನ್ರಿ?"

ಮತ್ತೆ ಮೂರು. ಕಾಲಡಿಯಲ್ಲಿ ನನಗೇನೂ ತಿಳಿಯುತ್ತಿರಲಿಲ್ಲ, ಕಣ್ಣಿಗೆ ಮಾತ್ರ ಕಾಣುತ್ತಿತ್ತು.

"ಇಲ್ಲ" ಎಂದೆ.

"ಹಂಗಾರ ಮ್ಯಾಲೆ ಬಂದಾನ" ಎಂದು ದುರುಗಣ್ಣ ನಕ್ಕ. ಅವನು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಸೊಂಟದಿಂದ ಹೊಸ ಚೀಲ ತೆಗೆದು ಎಲೆಗೆ ಸುಣ್ಣ ಹಚ್ಚಿ, ಮೊದಲು ನನಗೆ ಕೊಟ್ಟ. ನಾನು ಅದನ್ನು ಬಾಯಿಗಿಟ್ಟುಕೊಂಡು ಮೀಟರಿನ ಮೇಲೆ ಟವೆಲ್ಲು ಮುಚ್ಚಿದೆ.

ದುರುಗಣ್ಣ ಮತ್ತೆ ಕ್ಯಾಂಪಿಗೆ ಬರಲಿಲ್ಲ. ಕೂಡ್ಲಿಗಿಯಲ್ಲಿ ಹೊಟ್ಟೆ ತುಂಬಾ ಉಂಡು, ಕಣ್ತುಂಬಾ ನಿದ್ದೆ ಮಾಡುತ್ತಾನಂತೆ. ಮೀಟರು ನನ್ನ ಟ್ರಂಕಿನಲ್ಲಿದೆ, ತೆಗೆದು ನೋಡಿಲ್ಲ. ಮೂರು ಪೆಟ್ಟು ತಿಳಿದೂ ಹಗ್ಗ ಎಳೆಯದೆ ಎಲೆ ಅಡಿಕೆ ಜಗಿದವನು ಈಗ ನಾನು.