ಅಕ್ಕ ದೇವರಲ್ಲಿ ಕೇಳಿದ್ದು

“ಲೇ ತಮ್ಮಾ, ಹೇಳ್ಬಿಟ್ಟೆ ಕಣೋ! ಎಲ್ಲರ ಮುಂದೇನೇ ಹೇಳ್ಬಿಟ್ಟೆ!”

ಕಳೆದ ಶನಿವಾರ ಮಧ್ಯಾಹ್ನ ಜೋಗಿಮಟ್ಟಿ ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿ ಫೋನ್ ಎತ್ತಿದರೆ ಅಕ್ಕನ ಕೂಗು. ಹಿಂದೆ ಹುಡುಗಿಯರ ಗದ್ದಲ, ಚಪ್ಪಾಳೆ. ಏನು ಹೇಳಿದಳು? ಯಾರಿಗೆ? ಕೇಳುವಷ್ಟರಲ್ಲಿ ಕಾಲ್ ಕಟ್.

ಅಕ್ಕ ಅಂದರೆ ನನ್ನ ಒಡಹುಟ್ಟಿದ ಗಂಗಮ್ಮ. ಶ್ರೀರಾಂಪುರದಿಂದ ದಿನಾ ಮೊದಲ ಬಸ್ಸಿಗೆ ಹೊಸದುರ್ಗಕ್ಕೆ ಹೋಗಿ, ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾಳೆ. ಅಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಮಕ್ಕಳ ತಿಂಡಿ ಮುಗಿಸಿದ ಮೇಲೆ ಅವಳು ವಾರ್ಡನ್ ಮೇಡಂ ಮನೆಗೆ ಹೋಗಬೇಕು. ಅಲ್ಲಿ ಅಡುಗೆ, ಪಾತ್ರೆ, ಬಟ್ಟೆ. ಹಬ್ಬ ಬಂದರೆ ಅವರ ನೆಂಟರ ಬಟ್ಟೆ ಕೂಡ! ಎರಡು ವರ್ಷ ಹೀಗೇ ನಡೆಯಿತು. ಒಲ್ಲೆ ಅಂದರೆ ಒಂದೇ ಮಾತು: “ನಾಳೆಯಿಂದ ಬರಬೇಡ.” (ಅಕ್ಕನದು ಗುತ್ತಿಗೆ ಕೆಲಸ. ಬಿಡಿಸೋಕೆ ಒಂದು ಫೋನ್ ಸಾಕು.)

ಸಾಂಬಾರು ಚೆಲ್ಲಿ ಅಕ್ಕ ಕೈ ಸುಟ್ಟುಕೊಂಡಾಗಲೂ ಮೇಡಂ ಬಿಡಲಿಲ್ಲ. ಬಟ್ಟೆ ಸುತ್ತಿದ ಕೈಯಲ್ಲೇ ಬಕೆಟ್ ಎತ್ತಿದಳು. ಅವತ್ತು ನಾನು ಕೂಗಾಡಿದೆ. “ಪೇಪರ್‌ನಲ್ಲಿ ಬರೀತೀನಿ!”

“ಬ್ಯಾಡಪ್ಪ. ನಮ್ಮ ರಂಗಪ್ಪ ಅವ್ನೆ.” (ರಂಗಪ್ಪ ನಮ್ಮ ಮನೆದೇವರು.)

“ಅವನು ಬಂದು ಬಟ್ಟೆ ಒಗೀತಾನಾ?” ಅಂದೆ. ನನಗೋ ವಿಪರೀತ ಸಿಟ್ಟು. ದೇವರ ಮೇಲೆ ಭಾರ ಹಾಕಿ ತಲೆ ತಗ್ಗಿಸೋದೂ ಒಂದು ಬದುಕಾ?

ಆ ಶನಿವಾರ ಜಿಲ್ಲಾ ಕಚೇರಿಯಿಂದ ಆಫೀಸರ್ ಬಂದಿದ್ದರಂತೆ. ಅಡುಗೆಮನೆಗೆ ಬಂದು, “ಏನಾದ್ರೂ ತೊಂದರೆ ಇದೆಯೇನಮ್ಮ?” ಅಂತ ಕೇಳಿದರು.

ಮೇಡಂ ನಕ್ಕು, “ಎಲ್ಲಾ ಚೆನ್ನಾಗಿದೆ ಸರ್” ಅಂದರು.

“ಇಲ್ಲ ಸರ್. ತೊಂದರೆ ಐತೆ” ಅಂದಳು ಅಕ್ಕ!

ಒಂದೂ ಬಿಡದೆ ಎಲ್ಲಾ ಹೇಳಿದಳು. ಕೈ ಮೇಲಿನ ಸುಟ್ಟ ಗುರುತು ತೋರಿಸಿದಳು. ಮೇಡಂ “ಸುಳ್ಳು ಸರ್” ಅನ್ನುವಷ್ಟರಲ್ಲಿ ಜೊತೆಗೆ ಅಡುಗೆ ಮಾಡುವ ತಿಪ್ಪಮ್ಮ ಮುಂದೆ ಬಂದು, “ನನ್ನೂ ಹಂಗೇ ದುಡಿಸ್ತಾರೆ ಸರ್” ಅಂದಳು. ಬಾಗಿಲಲ್ಲಿ ನಿಂತಿದ್ದ ಹುಡುಗಿಯರು, “ಹೌದು ಸರ್, ನಿಜ!”

ಆಫೀಸರ್ ಅಲ್ಲೇ ಕುರ್ಚಿ ಎಳೆದುಕೊಂಡು ಕೂತು ಇಬ್ಬರ ಹೇಳಿಕೆಯನ್ನೂ ಬರೆಸಿಕೊಂಡರು. ಇನ್ನು ಹಾಸ್ಟೆಲ್ ಗೇಟಿನ ಹೊರಗೆ ಇವರಿಂದ ಒಂದು ಲೋಟವನ್ನೂ ತೊಳೆಸುವಂತಿಲ್ಲ ಅಂತ ಆರ್ಡರ್. ಮೇಡಂಗೆ ನೋಟಿಸ್. ಆಫೀಸರ್ ಜೀಪು ಗೇಟು ದಾಟಿದ ತಕ್ಷಣ ಅಕ್ಕ ನನಗೆ ಫೋನ್ ಹಚ್ಚಿದ್ದಳು!

ಭಾನುವಾರವೇ ಶ್ರೀರಾಂಪುರಕ್ಕೆ ಓಡಿದೆ. “ಅಕ್ಕಾ, ಕೆಲಸ ಹೋಗಿದ್ರೆ?”

“ಹೋದ್ರೆ ಹೋಗ್ತಿತ್ತು. ಹೆದ್ರಿಕೆ ಇರ್ಲಿಲ್ವಾ? ಇತ್ತು ಕಣೋ. ಮೇಡಂಗೆ ಬುದ್ಧಿ ಕೊಡು ಅಂತ ನಾನು ರಂಗಪ್ಪನ್ನ ಯಾವತ್ತೂ ಕೇಳ್ಲಿಲ್ಲ. ನನ್ ಬಾಯಿಗೆ ಮಾತು ಕೊಡಪ್ಪ ಅಂತ ದಿನಾ ಕೇಳ್ತಿದ್ದೆ. ಅವತ್ತು ಕೊಟ್ಟ.”

ಮತ್ತೆ ನಾನು? ವಾರವಾರ ಪೇಪರಿನಲ್ಲಿ ಅನ್ಯಾಯದ ಬಗ್ಗೆ ಬರೆಯುವವನು. ನಮ್ಮ ಬಾಸು ಬಡಪಾಯಿ ಅಟೆಂಡರ್ ಮೇಲೆ ರೇಗುವಾಗ ಕಂಪ್ಯೂಟರ್ ನೋಡುತ್ತಾ ಕೂರುವವನು!

ದೇವರನ್ನು ನಂಬುವುದು ಅಂದರೆ ಬಾಯಿ ಮುಚ್ಚಿಕೊಂಡಿರುವುದು ಅಂತ ನಮಗೆ ಹೇಳಿಕೊಟ್ಟವರು ಯಾರು ಸ್ವಾಮಿ?