ಬಸ್ಸಿಳಿದು ಓಡಿ ಬಂದ ರಿಪೇರಿಯಣ್ಣ

ರಿಪೇರಿಯಣ್ಣನ ಎಡಗೈ ಸದಾ ಪ್ಯಾಂಟಿನ ಜೇಬಿನಲ್ಲೇ ಇರುತ್ತಿತ್ತು. ಆ ಜೇಬಿನ ಬಾಯಿ ಹರಿದು, ಹೆಂಡತಿ ಬೇರೆ ಬಣ್ಣದ ದಾರದಲ್ಲಿ ಹೊಲಿದು, ಮತ್ತೆ ಹರಿದಿತ್ತು. ಕರೆಂಟಿರುವ ಏನನ್ನು ಮುಟ್ಟುವಾಗಲೂ ಬಲಗೈ ಒಂದೇ. "ಎರಡು ಕೈನೂ ಕೊಟ್ರೆ ಕರೆಂಟು ಎದೆ ಮೇಲೇ ಹಾದು ಹೋಗುತ್ತೆ ಅಕ್ಕ. ನಂಗೆ ಭಯ ಜಾಸ್ತಿ," ಎನ್ನುತ್ತಿದ್ದರು.

ಮುಳಬಾಗಿಲಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಮದುವೆ ವಿಡಿಯೋ ಮಿಕ್ಸಿಂಗ್ ಮಾಡುತ್ತಿದ್ದೆ. ಕ್ಯಾಮೆರಾ ಹೊರುವುದು ಯಜಮಾನರ ಕೆಲಸ. ಕಂಪ್ಯೂಟರ್ ಕೆಟ್ಟರೆ ನಂಗಲಿಯಿಂದ ಬರುತ್ತಿದ್ದವರು ಈ ರಿಪೇರಿಯಣ್ಣ. ರೇಡಿಯೋ, ಟಿವಿ ಬಿಚ್ಚಿ ಕಲಿತ ಕೈ. ಮನೆಗೆ ಬೀಗ ಹಾಕಿ, ಬಸ್‌ಸ್ಟ್ಯಾಂಡಿನ ತನಕ ಬಂದು, ವಾಪಸ್ಸು ಹೋಗಿ ಬೀಗ ಎಳೆದು ನೋಡುವ ಪೈಕಿ. ಪೇಟೆಯ ಉಳಿದ ರಿಪೇರಿಯವರು ಅವರನ್ನು ಪುಕ್ಕಲ ಎಂದು ಆಡಿಕೊಳ್ಳುತ್ತಿದ್ದರು. ನಾನೂ ನಕ್ಕಿದ್ದೇನೆ.

ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ ಮೇಲೆ ಕಂಪ್ಯೂಟರ್ ಕೆಲಸದ ನಡುವೆಯೇ ಆರಿಹೋಗತೊಡಗಿತು. ಕಾರ್ಡಿಗೆ ಕರೆಂಟು ಸಾಲುತ್ತಿಲ್ಲ ಎಂದು ಅಣ್ಣ ಅದಕ್ಕೆಂದೇ ಇನ್ನೊಂದು ಪುಟ್ಟ ಪವರ್ ಸಪ್ಲೈ ತಂದು, ಕಂಪ್ಯೂಟರಿನ ತಗಡಿನ ಡಬ್ಬದ ಒಳಗೆ, ಸಿಡಿ ಡ್ರೈವಿನ ಕೆಳಗಿನ ಖಾಲಿ ಜಾಗದಲ್ಲಿ ಕೂರಿಸಿದರು. ಅದರ ಕರೆಂಟಿನ ವೈರು ಡಬ್ಬದ ಹಿಂಭಾಗದಿಂದ ಒಳಗೇ ಹಾದು ಮುಂದಕ್ಕೆ ಬರಬೇಕು. ಪಕ್ಕದ ಮುಚ್ಚಳ ಸುಲಭಕ್ಕೆ ಕೂರಲಿಲ್ಲ. ಮೊಣಕಾಲು ಕೊಟ್ಟು ಒತ್ತಿ ಸ್ಕ್ರೂ ಹಾಕಿದರು. ನಮ್ಮ ಹಳೆಯ ಎಕ್ಸ್‌ಟೆನ್ಷನ್ ಬೋರ್ಡಿಗೆ ಎರಡೂ ಪ್ಲಗ್ಗು ಚುಚ್ಚಿದರೆ, ಕಂಪ್ಯೂಟರ್ ಆರದೆ ಓಡಿತು. ಬಸ್ಸಿನ ಹೊತ್ತಾಗಿತ್ತು. ತಗಡಿಗೆ ಕರೆಂಟು ಬರುತ್ತಿದೆಯೇ ಎಂದು ಟೆಸ್ಟರ್ ಹಚ್ಚಿ ನೋಡದೆಯೇ ಹೊರಟುಬಿಟ್ಟರು.

ಅಂದು ಶುಕ್ರವಾರ. ಮನೆಗೆ ಹೊಸದೇನು ಬಂದರೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಅರಿಸಿನ ಕುಂಕುಮ ಇಡದೆ ನಮ್ಮತ್ತೆ ಬಿಡುವವರಲ್ಲ. ಸ್ನಾನ ಮಾಡಿ, ಬರಿಗಾಲಲ್ಲಿ, ನೀರು ತೊಟ್ಟಿಕ್ಕುವ ಬಟ್ಟೆ ಹಿಡಿದು ಡಬ್ಬದ ಮುಂದೆ ಕುಕ್ಕರಗಾಲಲ್ಲಿ ಕೂತರು. ನಾನು ಕುಂಕುಮದ ಭರಣಿ ತರಲು ಒಳಗೆ ತಿರುಗಿದ್ದೆ.

"ಅಮ್ಮೋ! ಮುಟ್ಬೇಡಿ!"

ಬಾಗಿಲಲ್ಲಿ ರಿಪೇರಿಯಣ್ಣ. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅತ್ತೆಯ ಕೈ ಡಬ್ಬಕ್ಕೆ ಗೇಣು ದೂರದಲ್ಲಿ ನಿಂತಿತು. ಅಣ್ಣ ಟೆಸ್ಟರಿನ ತುದಿಯನ್ನು ತಗಡಿಗೆ ಮುಟ್ಟಿಸಿದರು. ಕೆಂಪು ದೀಪ ಹತ್ತಿತು. ಡಬ್ಬದ ಮೈಗೆಲ್ಲ ಕರೆಂಟು ಬಂದಿತ್ತು.

ಮೇನ್ ಆರಿಸಿ ಮುಚ್ಚಳ ಬಿಚ್ಚಿದರು. ಮುಚ್ಚಳದ ಅಂಚಿಗೆ ಸಿಕ್ಕಿದ ವೈರು ಸುಲಿದು ತಾಮ್ರ ಕಾಣುತ್ತಿತ್ತು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗೂ ನಮ್ಮ ಬೋರ್ಡಿಗೆ ಇರಲಿಲ್ಲ. ಸದ್ದಿಲ್ಲದೆ ಟೇಪು ಸುತ್ತಿಬಿಡಬಹುದಿತ್ತು, ನಮಗೇನು ತಿಳಿಯುತ್ತಿತ್ತು? ಅವರು ಅದನ್ನು ಎತ್ತಿ ನನಗೆ ತೋರಿಸಿದರು.

"ನಂದೇ ತಪ್ಪು ಅಕ್ಕ. ಬಸ್ಸು ಅರ್ಧ ದಾರಿ ಹೋದ್ಮೇಲೆ, ಮುಚ್ಚಳ ಯಾಕೆ ಅಷ್ಟು ಬಿಗಿಯಾಗಿ ಕೂತ್ಕೊಂತು ಅಂತ ಯೋಚ್ನೆ ಬಂತು. ಫೋನ್ ಮಾಡ್ದೆ, ನೀವು ಎತ್ತಲಿಲ್ಲ. ಇಳಿದು ಲಾರಿ ಹತ್ಕೊಂಡು ಬಂದೆ."

ಅಷ್ಟರಲ್ಲಿ ಬಂದ ಯಜಮಾನರು ವಿಷಯ ಕೇಳಿ ಕೂಗಾಡಿದರು. "ನಮ್ಮಮ್ಮನ್ನ ಸಾಯಿಸ್ತಿದ್ದೆಯಲ್ಲಯ್ಯ! ಇನ್ನ ಈ ಕಡೆ ತಲೆ ಹಾಕ್ಬೇಡ." ಅತ್ತೆ ಮಾತ್ರ ಮಗನಿಗೆ ತೆಲುಗಿನಲ್ಲಿ, "ಪೋನೀರಾ, ತಿರಿಗೊಚ್ಚಾಡು ಕದಾ," ಎಂದರು. ಹೋಗಲಿ ಬಿಡೋ, ತಿರುಗಿ ಬಂದನಲ್ಲ ಎಂದು. ಅಣ್ಣ ಹೊಸ ವೈರು ಎಳೆದು, ಬೋರ್ಡು ಬದಲಿಸಿ, ಮೂರು ಸಲ ಟೆಸ್ಟರ್ ಹಚ್ಚಿ ನೋಡಿ, ತಲೆ ತಗ್ಗಿಸಿ ಹೋದರು. ನಾನು ಬಾಯಿ ಬಿಡಲಿಲ್ಲ. ಆಮೇಲೆ ಅವರನ್ನು ನಾವು ಕರೆಯಲೂ ಇಲ್ಲ.

ನಾಲ್ಕೈದು ವರ್ಷದ ಮೇಲೆ, ಅಣ್ಣ ಕಾಮಾಲೆಯಾಗಿ ತೀರಿಕೊಂಡರಂತೆ ಎಂದು ಕೇಳಿ ಅತ್ತೆಯೂ ನಾನೂ ನಂಗಲಿಗೆ ಹೋದೆವು. ಅವರ ಹೆಂಡತಿ ನಮ್ಮನ್ನು ಕಂಡವರಲ್ಲ. ಮುಳಬಾಗಿಲಿನವರು ಎಂದಷ್ಟೇ ಹೇಳಿಕೊಂಡೆವು.

"ಮುಳಬಾಗಿಲಿಂದ ಬಂದ್ರಾ? ಅಲ್ಲಿ ಒಬ್ರು ಅಜ್ಜಿ ಇದ್ರಂತೆ. ನಿದ್ದೇಲಿ ಮುಟ್ಬೇಡಿ, ಮುಟ್ಬೇಡಿ ಅಂತ ಕೂಗ್ಕೊಂಡು ಎದ್ದು ಕೂತ್ಕೊಳ್ಳೋರು ಇವ್ರು. ಆ ಅಜ್ಜಿ ಚೆನ್ನಾಗಿದ್ದಾರಾ?"

ಅತ್ತೆ ಮುಂದೆ ಹೋಗಿ ಆಕೆಯ ಕೈ ಹಿಡಿದುಕೊಂಡರು.

"ನಾನೇ ಕಣಮ್ಮ ಆ ಅಜ್ಜಿ. ಚೆನ್ನಾಗಿದ್ದೀನಿ."

ಅಷ್ಟು ವರ್ಷದಲ್ಲಿ ಒಂದು ಸಲ ಫೋನು ಮಾಡಿ ಈ ಮಾತನ್ನು ನಾನು ರಿಪೇರಿಯಣ್ಣನಿಗೇ ಹೇಳಬಹುದಿತ್ತು. ಹೇಳಲಿಲ್ಲ.