ಒದೆಸ್ಸಾದ ಕೋಲ್ಯಾನ ಹನ್ನೊಂದನೆಯ ಹಾಡು

ಮೊನ್ನೆ ಕುಮಟೆಯ ಪೇಟೆಯಲ್ಲಿ ಒಂದು ಪೊಟ್ಟಣ ಡಾಂಬರು ಗುಳಿಗೆ ಕೊಂಡೆ. ಅಂಗಡಿಯವರು ಅದನ್ನು ಕಾಗದದಲ್ಲಿ ಸುತ್ತುವಾಗ ವಾಸನೆ ಮೂಗಿಗೆ ಬಡಿಯಿತು. ಅದರ ಬೆನ್ನಿಗೇ ತಲೆಯೊಳಗೆ ಒಬ್ಬ ರಷ್ಯನ್ ಗಂಡಸು ಹಾಡತೊಡಗಿದ. ನಿಮಗೆ ನಗು ಬರಬಹುದು. ಆ ವಾಸನೆಗೆ ಉಳಿದವರಿಗೆಲ್ಲ ಮದುವೆಯ ಸೀರೆಯೋ ಉಣ್ಣೆಯ ಶಾಲೋ ನೆನಪಾಗುತ್ತದೆ. ನನಗೆ ಕೋಲ್ಯಾ ನೆನಪಾಗುತ್ತಾನೆ. ಅವನನ್ನು ನಾನು ಒಮ್ಮೆಯೂ ಕಂಡವಳಲ್ಲ, ಅವನ ಭಾಷೆಯ ನಾಲ್ಕು ಶಬ್ದ ಬಿಟ್ಟರೆ ಐದನೆಯದು ಗೊತ್ತಿಲ್ಲ. ಆದರೂ ಅವನ ಒಂದು ಹಾಡನ್ನು ನಾನು ಈಗಲೂ ಪೂರ್ತಿ ಹಾಡಬಲ್ಲೆ.

ನಮ್ಮ ಮನೆ ಹೊನ್ನಾವರದಲ್ಲಿ, ಶರಾವತಿ ಸಮುದ್ರ ಸೇರುವ ಕಡೆ. ಅಪ್ಪ ದೋಣಿಯವರು. ಅಣ್ಣ ವಿಠ್ಠಲ ಮಾತ್ರ ಬಲೆ ಬಿಟ್ಟು ಮುಂಬಯಿಗೆ ಹೋಗಿ ಸರಕಿನ ಹಡಗಿನಲ್ಲಿ ಖಲಾಸಿಯಾದ. ಎಪ್ಪತ್ತರ ದಶಕದಲ್ಲಿ ಅವನ ಹಡಗು ವರ್ಷಕ್ಕೆ ಒಂದೆರಡು ಸಲ ಕಪ್ಪು ಸಮುದ್ರದ ಒದೆಸ್ಸಾ ಬಂದರಿಗೆ ಹೋಗುತ್ತಿತ್ತು. ಚಹಾ, ಸೆಣಬು ಇಳಿಸಿ, ಯಂತ್ರ ಹೇರಿಕೊಂಡು ಬರುವುದು. ಅಲ್ಲಿ ಪರದೇಶದ ನಾವಿಕರಿಗೆಂದು ಒಂದು ಕ್ಲಬ್ಬು ಇತ್ತಂತೆ. ಸಂಜೆ ಅಲ್ಲಿ ಗಿಟಾರು ಬಾರಿಸುತ್ತಿದ್ದವನೇ ಕೋಲ್ಯಾ.

ಅಣ್ಣನಿಗೆ ಊರಿನ ಭಜನೆಯಲ್ಲಿ ತಬಲಾ ನುಡಿಸಿ ರೂಢಿ. ಎಲ್ಲಿ ತಾಳ ಕೇಳಿದರೂ ಅವನ ಬೆರಳು ಸುಮ್ಮನಿರುತ್ತಿರಲಿಲ್ಲ. ಅವನು ಮೇಜು ಕುಟ್ಟುವುದನ್ನು ಕಂಡು ಕೋಲ್ಯಾ ಬಾರಿಸುತ್ತಲೇ ಹತ್ತಿರ ಬಂದು ನಿಂತ. ಗಿಟಾರಿನ ಒಂದು ತಂತಿ ತುಂಡಾಗಿ ನಡುವೆ ಗಂಟು ಹಾಕಿಕೊಂಡಿದ್ದನ್ನು ಅಣ್ಣ ನೋಡಿದ. ಮುಂದಿನ ಸಲ ಮುಂಬಯಿಯಿಂದ ಒಂದು ಜೊತೆ ಹೊಸ ತಂತಿ ಒಯ್ದುಕೊಟ್ಟ. "ತಂತಿ ಕಂಡು ಅಂವ ಅಳೂಕೇ ಹಿಡ್ದ ಮಾರಾಯ್ತಿ," ಎಂದು ಅಣ್ಣ ನನ್ನ ಬಳಿ ಹೇಳಿದ್ದ. ಅರ್ಧ ಇಂಗ್ಲಿಷು, ಕಾಲು ರಷ್ಯನ್, ಉಳಿದದ್ದು ಕೈಸನ್ನೆ. ಅಷ್ಟರಲ್ಲೇ ಇಬ್ಬರೂ ಸ್ನೇಹಿತರಾದರು.

ಕೋಲ್ಯಾನ ತಂದೆ ಹಡಗು ರಿಪೇರಿಯ ಕಾರ್ಖಾನೆಯಲ್ಲಿ ಫಿಟ್ಟರು. ಮಗ ಎಂಜಿನಿಯರಾಗಲಿ ಎಂದು ಕಾಲೇಜಿಗೆ ಕಳಿಸಿದರೆ, ಇವನು ಅಲ್ಲಿನ ಸಭೆಯಲ್ಲಿ ತಾನೇ ಕಟ್ಟಿದ ಹಾಡು ಹಾಡಿ ಮೊದಲ ವರ್ಷವೇ ಹೊರಬಿದ್ದ. ಆಮೇಲೆ ಹಗಲು, ಮನೆಗಳನ್ನು ಬೆಚ್ಚಗಿಡುವ ಒಂದು ಬಾಯ್ಲರ್ ಕೋಣೆಯಲ್ಲಿ ಕಲ್ಲಿದ್ದಲು ಎತ್ತಿಹಾಕುವ ಕೆಲಸ, ಸಂಜೆ ಕ್ಲಬ್ಬಿನಲ್ಲಿ ಗಿಟಾರು. ಕ್ಲಬ್ಬಿನಲ್ಲಿ ಹಾಡಬೇಕಾದರೆ ಪ್ರತಿ ಹಾಡಿಗೂ ಸರಕಾರದ ಮೇಲಿನವರ ಮುದ್ರೆ ಬೇಕು. ಮುದ್ರೆ ಬಿದ್ದ ಹಾಡುಗಳು ಅವನವಲ್ಲ, ಅವನ ಹಾಡಿಗೆ ಮುದ್ರೆ ಬೀಳುತ್ತಿರಲಿಲ್ಲ. ಹಾಗಾಗಿ ತನ್ನವನ್ನು ಗೆಳೆಯರ ಮನೆಗಳಲ್ಲಿ ಹಾಡುತ್ತಿದ್ದ. ಸಣ್ಣ ಕೋಣೆಯಲ್ಲಿ ಜನ ನೆಲದ ಮೇಲೆ ಮೊಣಕಾಲು ಮಡಚಿ ಕೂರುವುದು, ಪಕ್ಕದ ಮನೆಗೆ ಕೇಳಬಾರದೆಂದು ಬಾಗಿಲಿಗೆ ರಜಾಯಿ ತೂಗಿಹಾಕುವುದು. ಒಂದು ವಿದ್ಯುತ್ ಗಿಟಾರನ್ನು ತಾನೇ ಮಾಡಿಕೊಂಡಿದ್ದನಂತೆ. ಅದರ ಮೈ ಊಟದ ಮೇಜಿನ ಹಲಗೆ. ದನಿ ಹಿಡಿಯುವ ಭಾಗವನ್ನು ರಸ್ತೆಬದಿಯ ಟೆಲಿಫೋನಿನಿಂದ ಬಿಚ್ಚಿ ತಂದದ್ದು. ಅದು ಕಳ್ಳತನವೇ, ಅದರಲ್ಲಿ ಅನುಮಾನವಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ನೀತಿಪಾಠ ಹೇಳುತ್ತಿದ್ದ ನಾನು ಈ ಒಂದು ಕಳ್ಳತನವನ್ನು ಮಾತ್ರ ಕ್ಷಮಿಸಿಬಿಟ್ಟಿದ್ದೆ.

ಒಂದು ಸಲ ಹಡಗು ಹೊರಡುವ ಮುನ್ನ ಕೋಲ್ಯಾ ಅಣ್ಣನ ಕೈಗೆ ಒಂದು ಸ್ಪೂಲ್ ಟೇಪು ಕೊಟ್ಟ. ಒಂದು ಮನೆಯಲ್ಲಿ ಕೂತು ಹಾಡಿದ ಹನ್ನೊಂದು ಹಾಡು. ಅವನ ಗೆಳೆಯರ ಮನೆಗಳನ್ನು ಪೊಲೀಸರು ಅದಾಗಲೇ ಜಾಲಾಡತೊಡಗಿದ್ದರು. "ನಿನ್ನೂರಲ್ಲಿ ನನ್ನ ಗುರ್ತ ಯಾರಿಗೂ ಇಲ್ಲ, ಅಲ್ಲೇ ಇರ್ಲಿ" ಎಂದನಂತೆ. ಅಣ್ಣ ಅದನ್ನು ಹಾಸಿಗೆಯ ಸುರುಳಿಯೊಳಗಿಟ್ಟು ಹೊನ್ನಾವರಕ್ಕೆ ತಂದ.

ಅಮ್ಮನನ್ನು ನಾವು ಆಯಿ ಎನ್ನುತ್ತಿದ್ದೆವು. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಎಂತದೋ ಇದು?" ಎಂದಳು.

"ಹಾಡು, ಆಯಿ. ಒಬ್ಬ ಪಾಪದಂವ ಇಟ್ಟಿರು ಅಂದಾನೆ."

"ಪಾಪದಂವಂದು ಅಂದ್ರೆ ನೀರು ತಾಗೂಕಾಗ," ಎಂದ ಆಯಿ ಅದನ್ನು ಬಿಸ್ಕೀಟಿನ ಡಬ್ಬಿಗೆ ಹಾಕಿ, ಸುತ್ತ ಡಾಂಬರು ಗುಳಿಗೆ ಸುರಿದು, ತನ್ನ ಟ್ರಂಕಿನ ತಳದಲ್ಲಿಟ್ಟಳು. ನಮ್ಮ ಮಳೆಗಾಲದಲ್ಲಿ ಗೋಡೆಗೇ ಬೂಸ್ಟು ಹಿಡಿಯುತ್ತದೆ. ಟೇಪಿಗೆ ಹಿಡಿಯಲಿಲ್ಲ.

ಆಗ ನಾನು ಭಟ್ಕಳದ ಒಂದು ಶಾಲೆಯಲ್ಲಿ ಕನ್ನಡ ಟೀಚರು. ಜೊತೆಗೆ ಗಣಿತ ಕಲಿಸುತ್ತಿದ್ದ ಜುಬೇದಾಳ ಮನೆಗೆ ಅವಳ ತಮ್ಮ ದುಬೈಯಿಂದ ಸ್ಪೂಲ್ ಮಶೀನು ತಂದಿದ್ದ. ಒಂದು ಭಾನುವಾರ ಟೇಪು ಒಯ್ದೆ. ಆ ನವಾಯತ ಮುಸ್ಲಿಮರ ಮನೆಯ ಹಜಾರದಲ್ಲಿ ಕೋಲ್ಯಾ ಮೊದಲ ಸಲ ಹಾಡಿದ. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕವನಂಥ ದನಿ, ಗಿಟಾರನ್ನು ಬಾರಿಸುತ್ತಾನೋ ಬಡಿಯುತ್ತಾನೋ ತಿಳಿಯದು. ಜುಬೇದಾ ಕಿವಿಗೆ ದುಪಟ್ಟಾ ಒತ್ತಿಕೊಂಡಳು. ಹನ್ನೊಂದನೆಯದು ಮಾತ್ರ ಬೇರೆ, ಮೆಲ್ಲಗಿತ್ತು. ಅದು ಮುಗಿದಾಗ ಅವಳು ಕಿವಿ ಬಿಟ್ಟು, "ಅದನ್ನ ಇನ್ನೊಂದ್ಸಲ ಹಾಕಿ ಟೀಚರೇ," ಎಂದಳು.

ಕನ್ನಡ ಅಕ್ಷರದಲ್ಲಿ ಬರೆಯಲಾಗದ ದನಿ ಲೋಕದಲ್ಲಿಲ್ಲ ಎಂಬುದು ಆ ಕಾಲದ ನನ್ನ ದೊಡ್ಡ ಹೆಮ್ಮೆ. ಅದನ್ನು ತೋರಿಸಲು ಆ ಹಾಡನ್ನು ಕೇಳಿ ಕೇಳಿ ಪಾಠಟಿಪ್ಪಣಿಯ ಪುಸ್ತಕದ ಹಿಂದೆ ಬರೆದುಕೊಂಡೆ. ಎರಡನೆಯ ಚರಣದಲ್ಲಿ ಪದೇ ಪದೇ ಬರುವ ಸಾಲು ಹೀಗಿತ್ತು: "ಶಾಪ್ಕು ನಾಡೆಲ್ಲಿ ತೀಸಿನೋಕ್." 'ನಾಡೆಲ್ಲಿ' ಎಂದು ಕೇಳಿದ್ದೇ ತಡ, ಇದು ತಾಯ್ನಾಡನ್ನು ಕುರಿತ ಕ್ರಾಂತಿಗೀತೆಯೇ ಎಂದು ತೀರ್ಮಾನಿಸಿದೆ. ಜುಬೇದಾಗೆ ಅದರ ಭಾವಾರ್ಥವನ್ನೂ ವಿವರಿಸಿದೆ. ಅವಳು ಪಾಪ, ನಂಬಿದಳು.

ಮರುವರ್ಷ ಅಣ್ಣ ಕೆಟ್ಟ ಸುದ್ದಿ ತಂದ. ಕ್ಲಬ್ಬಿನಲ್ಲಿ ಕೋಲ್ಯಾ ಇರಲಿಲ್ಲವಂತೆ. ಹುಡುಕಿಕೊಂಡು ಬಾಯ್ಲರ್ ಕೋಣೆಗೆ ಹೋದರೆ ಮಸಿ ಮೆತ್ತಿದ ಮುಖದಲ್ಲಿ ಕೂತಿದ್ದ. ಮನೆ ಶೋಧಿಸಿ ಟೇಪು, ಗಿಟಾರು, ಬರೆದಿಟ್ಟ ಕಾಗದ ಎಲ್ಲವನ್ನೂ ಒಯ್ದಿದ್ದರು. ಕ್ಲಬ್ಬಿನ ಕೆಲಸವೂ ಹೋಗಿತ್ತು. "ಈಗ ಇರೂದು ನಮ್ಮನೇಲಿ ಇದ್ದದ್ದೊಂದೇಯ, ತಂಗಿ. ಜೋಪಾನ," ಎಂದ ಅಣ್ಣ.

ಜೋಪಾನ ಮಾಡಬೇಕಾದವಳು ಏನು ಮಾಡಿದೆ ಹೇಳುತ್ತೇನೆ. ಇಂಥ ಒಂದು ನಿಧಿ ನಮ್ಮಲ್ಲಿದೆ ಎಂದು ತಿಳಿದ ಮೇಲೆ ಅದನ್ನು ನಾಲ್ಕು ಜನರಿಗೆ ತೋರಿಸದೆ ನನಗೆ ಸಮಾಧಾನವಾಗಲಿಲ್ಲ. ಆಯಿ ಬೇಡವೆಂದರೂ ಡಬ್ಬಿ ತೆಗೆದು ಭಟ್ಕಳಕ್ಕೆ ಒಯ್ದೆ. ಶಾಲೆಯ ಟೀಚರುಗಳನ್ನೆಲ್ಲ ಜುಬೇದಾಳ ಮನೆಗೆ ಕರೆದು, ಎದುರು ನಿಂತು ಭಾಷಣ ಮಾಡಿ, ಮಶೀನು ಹಾಕಿದೆ. ಹನ್ನೊಂದನೆಯ ಹಾಡಿನ ನಡುವೆ ದನಿ ಒಮ್ಮೆಲೆ ಎಳೆದಂತಾಗಿ ನಿಂತಿತು. ಟೇಪು ಗಾಲಿಗೆ ಸುತ್ತಿಕೊಂಡಿತ್ತು. ಬಿಡಿಸಲು ಹೋದ ನಾನೇ ಅದನ್ನು ಹರಿದೆ. ಎರಡನೆಯ ಚರಣವಿದ್ದ ಭಾಗ ಚಕ್ಕುಲಿಯಂತೆ ಮುರುಟಿ ನನ್ನ ಅಂಗೈಯಲ್ಲಿ ಉಳಿಯಿತು.

ಅಣ್ಣನಿಗೆ ಹೇಳಲಿಲ್ಲ. ಹೇಳಬೇಕೆಂದು ಪ್ರತಿ ರಜೆಯಲ್ಲಿ ಹೊನ್ನಾವರದ ಬಸ್ಸು ಹತ್ತುತ್ತಿದ್ದೆ, ಹೇಳದೆ ಮರಳುತ್ತಿದ್ದೆ. ಹೀಗೆ ಹತ್ತು ವರ್ಷ ಹೋಯಿತು.

ಎಂಬತ್ತರ ದಶಕದ ಕೊನೆಯಲ್ಲಿ ಒದೆಸ್ಸಾದ ಗಾಳಿ ಬದಲಾಯಿತು, ಹಾಡುಗಳ ಮೇಲಿನ ಬಿಗಿ ಸಡಿಲಾಯಿತು. ಅಣ್ಣನಿಗೆ ಕೋಲ್ಯಾನ ಕಾಗದ ಬಂತು: ಊರಿನ ದೊಡ್ಡ ಸಭಾಂಗಣದಲ್ಲಿ, ಎಲ್ಲರೆದುರು, ತನ್ನದೇ ಹಾಡು ಹಾಡಲು ಒಪ್ಪಿಗೆ ಸಿಕ್ಕಿದೆ, ಟೇಪು ತರುವೆಯಾ? ಹನ್ನೊಂದನೆಯ ಹಾಡನ್ನು ಟೇಪು ಮಾಡಿದ ದಿನ ಬೆಳಿಗ್ಗೆಯೇ ಕಟ್ಟಿ ಅಂದೇ ಹಾಡಿದ್ದೆ. ಬರೆದಿಡಲಿಲ್ಲ. ಧಾಟಿ ನೆನಪಿದೆ, ಎರಡನೆಯ ಚರಣ ಏನು ಮಾಡಿದರೂ ನೆನಪಾಗುತ್ತಿಲ್ಲ ಎಂದು ಬರೆದಿದ್ದ.

ಅಣ್ಣ ಕಾಗದ ಓದಿ ಮುಗಿಸಿದ. ಆಯಿ ಹಿತ್ತಿಲ ಬಾಗಿಲಲ್ಲಿ ಬಂಗಡೆ ಮೀನು ಹೆಚ್ಚುತ್ತಿದ್ದಳು. ನಾನು ಅಲ್ಲಿಯೇ ಕೂತು ಎಲ್ಲ ಹೇಳಿಬಿಟ್ಟೆ. ಅಣ್ಣ ಕಾಗದ ಮಡಚಿ ಜೇಬಿಗೆ ಹಾಕಿಕೊಂಡ. ಬೈದಿದ್ದರೆ ಹಗುರವಾಗುತ್ತಿತ್ತು.

ಆಯಿ ಕೇಳಿದಳು. "ಅದೇ ಹಾಡು ಅಲ್ಲನೆ, ನೀ ಬಟ್ಟೆ ಒಗೀವಾಗ ಹಾಡೂದು?"

"ಹೌದು."

"ಪುಸ್ತಕ ಎಲ್ಲದೆ?"

ಪುಸ್ತಕ ಇತ್ತು. ಅಣ್ಣ ಬೆರಳಿಟ್ಟು ಅಕ್ಷರ ಅಕ್ಷರ ಓದಿದ. "ಆತು," ಎಂದ. "ಇದನ್ನೇ ತಕಂಡು ಹೋಗ್ತೆ. ಧಾಟಿ ಕಲ್ಸು." ಹಡಗು ಹೊರಡುವ ತನಕ ಇಪ್ಪತ್ತು ದಿನ ನಾನು ಕಲಿಸಿದೆ. ಅಣ್ಣನಿಗಿಂತ ಮೊದಲು ಆಯಿಗೇ ಬಾಯಿಪಾಠವಾಯಿತು.

ಮುಂದಿನದು ಅಣ್ಣ ಹೇಳಿದ್ದು. ಬಾಯ್ಲರ್ ಕೋಣೆಯಲ್ಲಿ ಕೋಲ್ಯಾನ ಎದುರು ಕೂತು, ಹರಿದ ಟೇಪು ಕೊಟ್ಟು, ತಂಗಿಯ ಪುಸ್ತಕ ಬಿಡಿಸಿ ಹಾಡಿದ. ಮೊದಲ ಸಾಲಿಗೆ ಕೋಲ್ಯಾ ನಕ್ಕ. ಎರಡನೆಯದಕ್ಕೆ ನಗು ನಿಂತಿತು. 'ನಾಡೆಲ್ಲಿ' ಬಂದಾಗ ಕೈ ಎತ್ತಿ ತಡೆದು, "ನಾದ್ಯೆಲ್ ಲಿ," ಎಂದು ತಿದ್ದಿದ. ಅಲ್ಲಿಂದ ಮುಂದೆ ಇಬ್ಬರೂ ಕೂಡಿಯೇ ಹಾಡಿದರು. ಹಾಡು ಮುಗಿದ ಮೇಲೆ ಕೋಲ್ಯಾ ಆ ಪುಸ್ತಕವನ್ನು ಇಸಿದುಕೊಂಡು, ತನಗೆ ಒಂದೂ ತಿಳಿಯದ ಅಕ್ಷರಗಳ ಮೇಲೆ ಕೈ ಆಡಿಸುತ್ತ ಕೂತಿದ್ದನಂತೆ.

ಆ ಶನಿವಾರ ಸಭಾಂಗಣದಲ್ಲಿ ಜನ ಗೋಡೆಗೆ ಒತ್ತಿ ನಿಂತಿದ್ದರು. ಕಲ್ಲಿದ್ದಲು ಎತ್ತಿ ಎತ್ತಿ ಗಡುಸಾದ ಬೆರಳಲ್ಲಿ ಕೋಲ್ಯಾ ಹನ್ನೊಂದೂ ಹಾಡಿದ. ಕೊನೆಯದಕ್ಕೆ ಮುಂಚೆ ಏನೋ ಮಾತಾಡಿದ. ಹಿಂದಿನ ಸಾಲಿನಲ್ಲಿದ್ದ ಅಣ್ಣನಿಗೆ ಅದರಲ್ಲಿ ತಿಳಿದದ್ದು ಒಂದೇ ಶಬ್ದ: ಹೊನ್ನಾವರ. ಜನರೆಲ್ಲ ಹಿಂದೆ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು. ಅಣ್ಣ ಎದ್ದು ನಿಲ್ಲಬೇಕೋ ಬೇಡವೋ ತಿಳಿಯದೆ ಅರ್ಧ ಎದ್ದು ಹಾಗೆಯೇ ನಿಂತಿದ್ದನಂತೆ.

ಆ ಸಾಲಿನ ಅರ್ಥ? ಕೇಳಿ ಬಂದಿದ್ದ. 'ಟೊಪ್ಪಿ ಹಾಕ್ಕೊಂಡ್ಯಾ ಮಗಾ?' ಚಳಿಯಲ್ಲಿ ಕೆಲಸಕ್ಕೆ ಹೊರಟ ಮಗನನ್ನು ತಾಯಿ ಕಿಟಕಿಯಿಂದ ಕೇಳುವ ಮಾತು. ನನ್ನ ತಾಯ್ನಾಡು, ಕ್ರಾಂತಿ ಎಲ್ಲ ಅಲ್ಲಿಗೆ ಮುಗಿಯಿತು.

ಆಯಿ ಮಾತ್ರ ನಗಲಿಲ್ಲ. "ಇಷ್ಟಕ್ಕೇ ಮನೆ ಹೊಕ್ಕು ಎಲ್ಲ ಹೊತ್ತುಕಂಡು ಹೋದ್ರಾ?" ಎಂದಳು. ಆಮೇಲೆ, "ನಾ ಬರೀ ದೇವರ ಹಾಡು ಅಂದ್ಕಂಡಿದ್ದೆ. ಇದು ಅದಕ್ಕೂ ಚಲೋ ಅದೆ," ಎಂದಳು.

ಕೋಲ್ಯಾ ದೊಡ್ಡ ಹೆಸರೇನೂ ಆಗಲಿಲ್ಲ. ಒಂದು ರೆಕಾರ್ಡು ಬಂತು, ಕೆಲವು ವರ್ಷ ಊರೂರು ತಿರುಗಿ ಹಾಡಿದ, ಬಾಯ್ಲರ್ ಕೋಣೆ ಬಿಟ್ಟು ಮಕ್ಕಳಿಗೆ ಗಿಟಾರು ಕಲಿಸತೊಡಗಿದ. ಆಮೇಲೆ ಕಾಗದ ಬರುವುದು ನಿಂತಿತು. ಆಯಿ ಹೋಗಿ ಬಹಳ ವರ್ಷವಾಯಿತು, ಅಣ್ಣನೂ ಈಗಿಲ್ಲ. ಒಬ್ಬ ಮನುಷ್ಯನ ಹಾಡನ್ನು ನಮ್ಮ ಮನೆ ಉಳಿಸಿತು ಎಂದು ಕಂಡಕಂಡವರಿಗೆ ಹೇಳಿಕೊಂಡು ಬಂದಿದ್ದೇನೆ. ಟೇಪು ಹರಿದದ್ದು ಹೇಗೆ ಎಂದು ಯಾರಾದರೂ ಕೇಳಿದರೆ 'ನಮ್ಮ ಮಳೆಗಾಲ ಗೊತ್ತಲ್ಲ' ಎಂದು ಬಿಡುತ್ತಿದ್ದೆ.

ಇದನ್ನು ಬರೆಯಲು ಕೂತ ಮೇಲೆ ಆ ಸುಳ್ಳು ಬರೆಯಲು ಕೈ ಬರಲಿಲ್ಲ. ನಿನ್ನೆ ಭಟ್ಕಳಕ್ಕೆ, ಜುಬೇದಾಗೆ ಫೋನು ಮಾಡಿದೆ. "ನಿಜ ಬರೀತೇನೆ. ನಿಮ್ಮನೆ ಮಶೀನಿನ ಮಾತೂ ಬರ್ತದೆ. ಬೇಜಾರಿಲ್ಲ ಅಲ್ವಾ?" ಎಂದೆ.

ಅವಳು ಹೇಳಿದಳು: "ಹರಿದದ್ದು ನಿಮ್ಮ ಹೆಸರಿಗೆ ಬರೀರಿ ಟೀಚರೇ. 'ಇನ್ನೊಂದ್ಸಲ ಹಾಕಿ' ಅಂತ ಹೇಳಿದವಳು ನಾನು. ನಾ ಹೇಳದಿದ್ರೆ ನೀವು ಅದನ್ನ ಬರ್ಕೊಳ್ತಾನೇ ಇರ್ಲಿಲ್ಲ. ಅದೊಂದನ್ನ ನನ್ನ ಹೆಸರು ಹಾಕೇ ಬರೀರಿ."

ಹಾಕಿದ್ದೇನೆ.